ಎಡಗಡೆ ಬೋಲ್ಟಿನ ಹಳದಿ ಗೆರೆ

"ಯಾವ ಮುಖ ಇಟ್ಕೊಂಡು ಈ ಗಾಡಿನ ಇಲ್ಲಿಗೆ ತಂದ್ರಿ?"

ಮೂರು ವರ್ಷಗಳ ನಂತರ ಅವಳು ಅವನಿಗೆ ಹೇಳಿದ ಮೊದಲ ಮಾತು ಅದು.

"ನಂಗಿರೋದು ಒಂದೇ ಮುಖ. ಅದನ್ನೇ ಇಟ್ಕೊಂಡು ಬಂದೆ," ಎಂದ ಅವನು.

ಗ್ಯಾರೇಜಿನ ಮುಂದೆ ನಿಂತ ಲಾರಿಯಿಂದ ಬೆಂಕಿಪೊಟ್ಟಣದಂಥ ಹಳೆಯ ಹಸಿರು ಕಾರು ಇಳಿಯುತ್ತಿತ್ತು. ಹಿಂಭಾಗ ಒಂದು ಕಡೆಗೆ ವಾಲಿತ್ತು. ಅವನ ಕೈಯಲ್ಲಿ ಹೊಸ ರಬ್ಬರ್ ಬುಷ್‌ಗಳ ಡಬ್ಬಿ.

"ಹಿಂದಿನ ಸಸ್ಪೆನ್ಷನ್ ಬುಷ್ ಬದಲಾಯಿಸ್ಬೇಕು. ಗಾಡಿ ಈಗ ನಂದು. ಮೂರು ವರ್ಷದಿಂದ ಶೆಡ್ಡಲ್ಲೇ ನಿಂತಿತ್ತು."

ಅವಳ ಮೈಯೆಲ್ಲ ಉರಿಯಿತು. ಉರಿಯದೆ ಇರುತ್ತದೆಯೇ? ಅವಳನ್ನು ಮದುವೆಯಾಗಬೇಕಿದ್ದವನು ಇವನು. ಹಳೆಯ ಕಾರುಗಳ ಸಂಘದಲ್ಲಿ ತಪಾಸಣೆ ಇವನ ಕೆಲಸ. ಮೂರು ವರ್ಷಗಳ ಹಿಂದೆ ಇದೇ ಕಾರಿನ ಹಿಂಭಾಗ ತಿರುವಿನಲ್ಲಿ ಎಳೆದು, ಕಾರು ಕಂಬಕ್ಕೆ ಗುದ್ದಿ, ಓಡಿಸುತ್ತಿದ್ದ ಸಂಘದ ಅಧ್ಯಕ್ಷರ ಕೈ ಮುರಿದಿತ್ತು. ಇವನು ಹೋಗಿ ನೋಡಿ ವರದಿ ಬರೆದ. 'ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗಲೇ ಬೋಲ್ಟು ಬಿಗಿಯಲಾಗಿದೆ. ತಪ್ಪು ಗ್ಯಾರೇಜಿನದು.'

ಆ ಗ್ಯಾರೇಜು ಅವಳ ಅಪ್ಪನದು.

ಕೆಲಸ ಗೊತ್ತಿಲ್ಲದವರಿಗೂ ಇಷ್ಟು ಹೇಳಬಹುದು. ಬುಷ್ ಎಂದರೆ ಚಕ್ರದ ತೋಳನ್ನು ಗಾಡಿಗೆ ಹಿಡಿದಿಡುವ ರಬ್ಬರು. ಜಾಕ್ ಇಳಿಸಿ, ಗಾಡಿಯ ಭಾರ ಚಕ್ರಗಳ ಮೇಲೆ ಕೂತ ಮೇಲೆಯೇ ಅದರ ಬೋಲ್ಟಿಗೆ ಕೊನೆಯ ಬಿಗಿ ಕೊಡಬೇಕು. ಎತ್ತಿಟ್ಟಾಗಲೇ ಬಿಗಿದರೆ, ಇಳಿಸಿದ ಕೂಡಲೇ ರಬ್ಬರು ತಿರುಚಿಕೊಂಡು ನಾಲ್ಕೇ ತಿಂಗಳಲ್ಲಿ ಹರಿಯುತ್ತದೆ.

ನಲವತ್ತು ವರ್ಷ ಕೆಲಸ ಮಾಡಿದ ಅಪ್ಪ ಆ ತಪ್ಪು ಮಾಡುತ್ತಾನೆಯೇ? ಅಧ್ಯಕ್ಷರ ಮಾನ ಉಳಿಸಲು ಇವನು ಅಪ್ಪನ ಮಾನ ತೆಗೆದ. ಅವಳು ನಂಬಿದ್ದು ಇಷ್ಟು. ಅಂದಿನಿಂದ ಹಳೆಯ ಕಾರು ಒಂದೂ ಇತ್ತ ತಲೆಹಾಕಲಿಲ್ಲ. ಅಪ್ಪ ಸ್ಪ್ಯಾನರ್ ಕೆಳಗಿಟ್ಟ. ಅವಳು ಸ್ಕೂಟರ್ ಪಂಕ್ಚರ್ ಹಾಕುತ್ತಾ, ಹಲ್ಲು ಕಚ್ಚುತ್ತಾ ಕಾದಳು.

ಈಗ ಬೇಟೆ ತಾನಾಗಿಯೇ ಮನೆ ಬಾಗಿಲಿಗೆ ಬಂದಿದೆ…

"ಬಿಟ್ಟು ಹೋಗಿ. ಸಂಜೆ ಬನ್ನಿ," ಎಂದಳು, ತುಂಬ ಮೆತ್ತಗೆ.

'ಗಾಳಿಯಲ್ಲೇ ಬಿಗೀತೀನಿ. ನೀನು ಬರೆದ ಸುಳ್ಳನ್ನ ನಿನ್ನ ಗಾಡಿಯಲ್ಲೇ ನಿಜ ಮಾಡ್ತೀನಿ. ನಾಲ್ಕು ತಿಂಗಳಾದ ಮೇಲೆ ಇಡೀ ಸಂಘದ ಮುಂದೆ ಈ ಗಾಡಿ ಕುಂಟಲಿ, ನೀನು ಅದರ ಕೆಳಗೆ ತೂರಿಕೊಂಡು ತಲೆ ಚಚ್ಚಿಕೋ.'

ಅವನು ಬುಷ್‌ಗಳ ಡಬ್ಬಿಯನ್ನು ಅವಳ ಕೈಗಿಟ್ಟು ಹೋದ.

ಹಿಂದಿನ ಅಡುಗೆಮನೆಯ ಕಿಟಕಿಯಿಂದ ಅಪ್ಪ ಕೇಳಿದ. "ಯಾರಮ್ಮ ಬಂದಿದ್ದು?"

"ಯಾರೂ ಇಲ್ಲ. ಒಂದು ಗಾಡಿ ಅಷ್ಟೇ."

ಅಪ್ಪ ಬಗ್ಗಿ ನೋಡಿದ. ಕಾರಿನ ಹಸಿರು ಬಣ್ಣ ಕಂಡದ್ದೇ ಮುಖ ಬಿಳಿಚಿಕೊಂಡಿತು.

"ಅದನ್ನ ವಾಪಸ್ ಕಳ್ಸು."

"ಯಾಕಪ್ಪ?"

"ಬೇಡ ಅಂದ್ನಲ್ಲ. ಅದರ ಕೆಳಗೆ ಹೋಗ್ಬೇಡ ನೀನು."

ಪಾಪ, ಹಳೆಯ ಗಾಯ ಕೆದಕಿದಂತಾಯಿತು ಎಂದುಕೊಂಡಳು. ಅವಳ ಸೇಡಿಗೆ ಇನ್ನಷ್ಟು ಎಣ್ಣೆ ಬಿತ್ತು.

ಕಾರನ್ನು ಸ್ಟ್ಯಾಂಡುಗಳ ಮೇಲೆ ಎತ್ತಿ ನಿಲ್ಲಿಸಿ, ಬಲಗಡೆಯಿಂದ ಶುರುಮಾಡಿದಳು. ತುಕ್ಕು ಹಿಡಿದ ಬೋಲ್ಟು ಅರ್ಧ ಗಂಟೆ ಸತಾಯಿಸಿತು. ಕೆಸರು ಒರೆಸಿದಾಗ ಬೋಲ್ಟಿನ ತಲೆಯಿಂದ ಬ್ರ್ಯಾಕೆಟ್ಟಿನವರೆಗೆ ಎಳೆದ ಬಿಳಿ ಗೆರೆ ಕಂಡಿತು.

ಅದು ಈ ಗ್ಯಾರೇಜಿನ ಪದ್ಧತಿ. ಕೊನೆಯ ಬಿಗಿ ಕೊಟ್ಟವರು ತಮ್ಮ ಬಣ್ಣದ ಗೆರೆ ಎಳೆಯಬೇಕು, ನಾಳೆ ಯಾರೂ ನಾನಲ್ಲ ಅನ್ನುವಂತಿಲ್ಲ. ಬಿಳಿ ಅಪ್ಪನದು, ಹಳದಿ ಅವಳದು.

ರಬ್ಬರನ್ನು ಹೊರತೆಗೆದು ಬೆಳಕಿಗೆ ಹಿಡಿದಳು. ಹಳತಾಗಿತ್ತು, ಆದರೆ ಎಲ್ಲೂ ಹರಿದಿರಲಿಲ್ಲ.

'ಸುಳ್ಳ! ನೋಡು, ನಮ್ಮಪ್ಪನ ಕೆಲಸ ನೆಟ್ಟಗಿದೆ!'

ಕಣ್ಣು ತುಂಬಿ ಬಂತು. ಹೊಸ ಬುಷ್ ಕೂರಿಸಿದಳು. ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗಲೇ ಬೋಲ್ಟಿಗೆ ಮೈಭಾರ ಬಿಟ್ಟು ಬಿಗಿದಳು. ಮೂರು ವರ್ಷಗಳಲ್ಲಿ ಯಾವ ಕೆಲಸವೂ ಅವಳಿಗೆ ಇಷ್ಟು ಹಿತ ಕೊಟ್ಟಿರಲಿಲ್ಲ.

ಆಮೇಲೆ ಎಡಗಡೆಗೆ ತೆವಳಿದಳು. ಬೋಲ್ಟಿನ ಮೇಲಿನ ಕೆಸರನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದಳು.

ಹಳದಿ.

ಮತ್ತೊಮ್ಮೆ ಒರೆಸಿದಳು. ಗೆರೆ ಇನ್ನಷ್ಟು ಸ್ಪಷ್ಟವಾಯಿತು. ಅದರ ಹಿಂದೆ ರಬ್ಬರು ಹಿಂಡಿದ ಬಟ್ಟೆಯಂತೆ ತಿರುಚಿ, ಸುತ್ತಲೂ ಹರಿದಿತ್ತು.

ನೆನಪು ಒಮ್ಮೆಲೇ ನುಗ್ಗಿ ಬಂತು. ಅಂದು ಅಪ್ಪ ಬಲಗಡೆ ಸಡಿಲವಾಗಿ ಕೂರಿಸಿಟ್ಟು, ಗಾಡಿ ಇಳಿಸಿದ ಮೇಲೆ ಬಿಗಿಯೋಣವೆಂದು ಊಟಕ್ಕೆ ಹೋಗಿದ್ದ. ಎಡಗಡೆ ಅವಳ ಪಾಲು. ಹೊರಗೆ ಇವನು ಹಾರ್ನ್ ಹೊಡೆಯುತ್ತಿದ್ದ. ಇಬ್ಬರೂ ಮೊದಲ ಸಲ ಜೊತೆಯಾಗಿ ಹೊರಗೆ ಹೋಗುವ ದಿನ. ಮನಸ್ಸು ಆಗಲೇ ಬಾಗಿಲು ದಾಟಿತ್ತು… ಗಾಡಿ ಇಳಿಸಿಲ್ಲವೆಂಬುದೇ ನೆನಪಾಗಲಿಲ್ಲ. ಬಿಗಿದಳು, ಗೆರೆ ಎಳೆದಳು, ಓಡಿದಳು. ಅಪ್ಪ ಬಂದು ಗಾಡಿ ಇಳಿಸಿ ತನ್ನ ಕಡೆಯದನ್ನಷ್ಟೇ ಬಿಗಿದಿರಬೇಕು, ಎಡಗಡೆ ಬಗ್ಗಿ ನೋಡಿರಲಿಕ್ಕಿಲ್ಲ.

ವರದಿಯಲ್ಲಿ ಸುಳ್ಳೇ ಇರಲಿಲ್ಲ. ಒಬ್ಬ ಮುದುಕರ ಕೈ ಮುರಿದದ್ದು ಅವಳಿಂದ, ಅಪ್ಪನ ಹೆಸರು ಹೋದದ್ದೂ ಅವಳಿಂದ.

ಅವನು ಬಂದಾಗ ಅವಳು ಕಾರಿನ ಪಕ್ಕ ನೆಲದ ಮೇಲೆ ಕೂತಿದ್ದಳು.

"ನಿಂಗೆ ಗೊತ್ತಿತ್ತು," ಎಂದಳು.

"ಹೂಂ."

"ನನ್ನ ಹೆಸರು ಯಾಕೆ ಬರೀಲಿಲ್ಲ?"

"ಬರೆಯೋಕೆ ಮುಂಚೆ ನಿಮ್ಮಪ್ಪನ್ನ ಕಂಡೆ. ಗ್ಯಾರೇಜ್ ಅಂತ ಬರಿ ಸಾಕು, ಅವಳಿಗೆ ಯಾವತ್ತೂ ಹೇಳ್ಬೇಡ ಅಂತ ಮಾತು ತಗೊಂಡ್ರು."

"ಮತ್ತೆ ಇವತ್ತು ಯಾಕೆ ತಂದೆ?"

"ಬಾಯಿ ಬಿಡಲ್ಲ ಅಂತ ಮಾತು ಕೊಟ್ಟಿದ್ದೆ. ಗಾಡಿ ತರಲ್ಲ ಅಂತ ಕೊಟ್ಟಿರ್ಲಿಲ್ಲ." ಅವನು ತಲೆ ತಗ್ಗಿಸಿದ. "ಸೇಡು ಇಟ್ಕೊಂಡೇ ಹೊರಟೆ ಕಣೆ. ಮೂರು ವರ್ಷ ನಿನ್ನ ಶಾಪ ತಿಂದಿದ್ದೀನಿ, ಒಂದು ದಿನ ನೀನೂ ಉರಿ ಅಂತ. ಅರ್ಧ ದಾರಿಲಿ ಕೈಕಾಲು ಆಡ್ಲಿಲ್ಲ. ಪೇಂಟ್ ತೆಗೆಯೋ ಥಿನ್ನರ್ ತಗೊಂಡು ಗೆರೆ ಒರೆಸೋಕೆ ಹೋದೆ. ಅದೂ ಸುಳ್ಳೇ ಅಲ್ವಾ ಅನ್ನಿಸ್ತು. ಇಷ್ಟೊತ್ತು ಆ ಮೂಲೆ ಅಂಗಡಿ ಹತ್ರಾನೇ ನಿಂತಿದ್ದೆ."

ಅವಳಿಗೆ ಅಳು ಬಂತು, ನಾಚಿಕೆ ಬಂತು. ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಕೈಯನ್ನು ಕಂಡೇ ಭಯವಾಯಿತು.

"ಬಲಗಡೆದು ಗಾಳಿಲೇ ಬಿಗಿದಿದ್ದೀನಿ. ಬೇಕಂತಲೇ. ಹರೀಲಿ ಅಂತ."

ಅವನು ಬಗ್ಗಿ ಬಲಗಡೆಯ ಚಕ್ರ ನೋಡಿದ. "ನಾನು ಅದರಲ್ಲೇ ಕೂತು ಹೋಗ್ತಿದ್ನಲ್ಲೇ?"

"ಗೊತ್ತು. ಆವತ್ತು ಮರೆತು ಮಾಡಿದ್ದೆ, ಇವತ್ತು ಗೊತ್ತಿದ್ದೂ ಮಾಡ್ದೆ. ನನ್ನಂಥವಳ ಜೊತೆ ಇನ್ನು ಮಾತಾಡ್ಬೇಡ ನೀನು."

"ಮಾಡ್ದೋಳೇ ಬಾಯಿ ಬಿಟ್ಟು ಹೇಳ್ತಿದ್ದೀಯಲ್ಲ. ಸೇಡು ತೀರಿಸ್ಕೊಳ್ಳೋಕೂ ನೆಟ್ಟಗೆ ಬರಲ್ಲ ನಿಂಗೆ. ನಂಗೂ ಬರಲ್ಲ ಬಿಡು."

ಅಪ್ಪ ಬಾಗಿಲಲ್ಲಿ ನಿಂತಿದ್ದ, ಟೀ ಲೋಟ ಹಿಡಿದ ಕೈ ನಡುಗುತ್ತಿತ್ತು.

"ಯಾಕಪ್ಪ ಹೇಳ್ಲಿಲ್ಲ ನಂಗೆ?"

"ನಿಂಗಾಗ ಇಪ್ಪತ್ತೆರಡು. ಗೊತ್ತಾಗಿದ್ರೆ ಮತ್ತೆ ಸ್ಪ್ಯಾನರ್ ಮುಟ್ತಿರ್ಲಿಲ್ಲ ನೀನು. ನನ್ನ ಕೈ ಹೇಗಿದ್ರೂ ನಡುಗೋಕೆ ಶುರುವಾಗಿತ್ತಮ್ಮ. ಹೋಗೋದಿದ್ರೆ ನನ್ನ ಹೆಸರೇ ಹೋಗ್ಲಿ ಅಂದ್ಕೊಂಡೆ." ಅಪ್ಪ ಅವನತ್ತ ತಿರುಗಿದ. "ನಿನ್ನನ್ನ ಮಧ್ಯೆ ಸಿಗಿಸ್ದೆ ಕಣಯ್ಯ. ಅದೊಂದು ತಪ್ಪಾಯ್ತು."

ಅವಳು ಎದ್ದು ಅಪ್ಪನ ಕೈಯಿಂದ ಲೋಟ ತೆಗೆದುಕೊಂಡು ಅಪ್ಪನ ಎದೆಗೆ ಹಣೆ ಒತ್ತಿದಳು.

ಆಮೇಲೆ ಕೆಲಸ ನಡೆಯಿತು. ಬಲಗಡೆಯ ಬೋಲ್ಟನ್ನು ಅವಳೇ ಸಡಿಲಿಸಿದಳು. ಎಡಗಡೆಯ ಹರಿದ ರಬ್ಬರನ್ನು ಇಬ್ಬರೂ ಸೇರಿ ಕಿತ್ತರು. ಹೊಸದು ಕೂರಿಸಿ, ಜಾಕ್ ಇಳಿಸಿ, ಕಾರನ್ನು ಹಿಂದೆ ಮುಂದೆ ತಳ್ಳಿ ಭಾರ ಕೂರಿಸಿದರು. ಅಪ್ಪ ಸ್ಟೂಲಿನ ಮೇಲೆ ಕೂತು ಇಬ್ಬರನ್ನೂ ಬೈಯುತ್ತಿದ್ದ. ಮೂರು ವರ್ಷಗಳ ನಂತರ ಆ ಗ್ಯಾರೇಜಿನಲ್ಲಿ ಅಪ್ಪನ ಬೈಗುಳ ಕೇಳಿಸಿತು.

ಕೊನೆಯ ಬೋಲ್ಟು ಬಿಗಿಯುವಾಗ ಇಬ್ಬರೂ ಕಾರಿನ ಕೆಳಗೆ ಪಕ್ಕಪಕ್ಕ ಮಲಗಿದ್ದರು. ಅವನ ಉಸಿರು ಅವಳ ಕೆನ್ನೆಗೆ ತಾಗುತ್ತಿತ್ತು.

"ನಾಳೆ ಸಂಘಕ್ಕೆ ಹೋಗ್ತೀನಿ," ಎಂದಳು. "ಆ ಅಧ್ಯಕ್ಷರ ಮುಂದೆ, ಎಲ್ಲರ ಮುಂದೆ, ನಾನೇ ಮಾಡಿದ್ದು ಅಂತ ಹೇಳ್ತೀನಿ. ಅಪ್ಪನ ಹೆಸರು ಅಪ್ಪನಿಗೆ ವಾಪಸ್ ಬೇಕು."

"ಅವರು ನನ್ನನ್ನೂ ಕೇಳ್ತಾರೆ. ಹೌದು, ಇವಳದೇ ತಪ್ಪು ಅಂತೀನಿ ನಾನು."

"ಅಂತೀಯ ಅಂತ ಗೊತ್ತು. ಅದಕ್ಕೇ ಜೊತೆಗೆ ಬಾ ಅಂತಿರೋದು."

"ಆಮೇಲೆ?"

"ಆಮೇಲೆ ಬೈಯೋರೆಲ್ಲ ಬೈತಾರೆ. ಅದು ಮುಗಿದು ನಾನು ಹೊರಗೆ ಬಂದಾಗ…" ಅವಳು ಸ್ಪ್ಯಾನರ್ ಪಕ್ಕಕ್ಕಿಟ್ಟಳು. "ನೀನು ಅಲ್ಲಿರ್ಬೇಕು."

ಅವನು ಗ್ರೀಸು ಮೆತ್ತಿದ ಅವಳ ಬೆರಳುಗಳನ್ನು ತನ್ನ ಬೆರಳುಗಳೊಳಗೆ ತೆಗೆದುಕೊಂಡ.

"ಇರ್ತೀನಿ."

"ಎಷ್ಟೊತ್ತಾದ್ರೂ?"

"ಎಷ್ಟೊತ್ತಾದ್ರೂ."