ಕೈಮಾ ಉಂಡೆಯ ಬನ್ನು

ಬೇಸಿಗೆ ಭತ್ತದ ಕೊಯ್ಲು. ಗುತ್ತೂರಿನ ಗದ್ದೆಗಳಲ್ಲಿ ಯಂತ್ರದ ಸದ್ದು ಏಳುವ ಮೊದಲೇ ಯಶೋದಾ ಒರಳಲ್ಲಿ ಕೈಮಾ ಅರೆದು, ಮೊಟ್ಟೆ ಕಲಸಿ, ಉಂಡೆ ಕಟ್ಟಿ ಬೇಯಿಸಿದಳು. ಬನ್ನು ಸೀಳಿ ಮೂರು ಉಂಡೆ ಇಟ್ಟು, ಈರುಳ್ಳಿ ಹರಡಿ, ಡಬ್ಬಿ ಮುಚ್ಚಿದಳು.

ಅವಳ ಜೊತೆ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಮಹಾಂತೇಶನಿಗೆ ಕ್ಷಯ ತಗುಲಿ ಎರಡು ತಿಂಗಳಾಗಿತ್ತು. ಮೈಗೆ ಪ್ರೊಟೀನ್ ಬೇಕು ಎಂದಿದ್ದರು ಡಾಕ್ಟರ್. ಅವನದು ಮೊಟ್ಟೆಯನ್ನೂ ಒಳಗೆ ಬಿಡದ ಮನೆ. "ಔಷಧಿ ಅಂದ್ಕೊಂಡು ತಿಂತೀನಿ, ತಗೊಂಡು ಬಾ" ಎಂದಿದ್ದ. ಮೂರು ವಾರದಿಂದ ಅವಳು ದಿನಾ, ಅವನು ಮಾತ್ರೆ ನುಂಗಲು ಬರುವ ಹರಿಹರದ ಕ್ಲಿನಿಕ್ಕಿನ ಗೇಟಿನಲ್ಲಿ ಡಬ್ಬಿ ಕೊಟ್ಟು, ಹಿಂದಿನ ದಿನದ ಖಾಲಿ ಡಬ್ಬಿ ಇಸಕೊಂಡು ಶಿಫ್ಟಿಗೆ ಓಡುತ್ತಿದ್ದಳು.

ಇವತ್ತು ಮಂಗಳವಾರ, ಅವನ ತೂಕ ನೋಡುವ ದಿನ. ಅವಳಿಗೂ ರಜೆ, ನಿಂತಳು. ಮಹಾಂತೇಶ ತೂಕದ ಚೀಟಿ ಹಿಡಿದು ಬಂದ. ನಲವತ್ನಾಲ್ಕು ಕಿಲೋ. ಹೋದ ವಾರಕ್ಕಿಂತ ಒಂದೂವರೆ ಕಡಿಮೆ.

"ಇನ್ನೂ ಇಳಿದ್ರೆ ದಾವಣಗೆರೆಗೆ ಅಡ್ಮಿಟ್ ಅಂತೆ" ಎಂದ.

"ನೂರು ಗ್ರಾಂ ಕೈಮಾ, ಒಂದು ಮೊಟ್ಟೆ, ಬನ್ನು. ಮೂವತ್ತು ಗ್ರಾಂ ಪ್ರೊಟೀನ್ ಐತೆ, ಫೋನಿನಾಗೆ ನೋಡೀನಿ. ಎಲ್ಲಿ ಹೋಗ್ತೈತೆ ಅದು?"

ಅವಳು ಡಬ್ಬಿ ತೆಗೆದಳು. ಗೇಟಿನ ಕಂದು ನಾಯಿ ಬಾಲ ಆಡಿಸುತ್ತ ನೇರ ಮಹಾಂತೇಶನ ಕಾಲಿಗೆ ಬಂದು ಕೂತು, ಅವನ ಕೈಯನ್ನೇ ನೋಡಿತು. ಅದರ ಮೈ ಮಿರಮಿರ ಮಿಂಚುತ್ತಿತ್ತು.

ಯಶೋದಾ ನಾಯಿಯನ್ನು ನೋಡಿದಳು, ಅವನನ್ನು ನೋಡಿದಳು.

"ಇದು ದಪ್ಪ ಆಗೈತೆ."

ಅವನು ತಲೆ ತಗ್ಗಿಸಿದ. "ಬಾಯಿಗೆ ಇಟ್ರೆ ಗಂಟಲಿಗೆ ಇಳಿಯಲ್ಲ, ಯಶೋದಾ."

"ಬ್ಯಾಡ ಅನ್ನಬಹುದಿತ್ತಲ್ಲ?"

"ಅಂದಿದ್ರೆ ನೀನು ಬರ್ತಿದ್ದಿಲ್ಲ."

ಅವಳ ಕಣ್ಣು ತುಂಬಿತು. ಬಾಯಿ ಮಾತ್ರ ಸುಮ್ಮನಿರಲಿಲ್ಲ. "ನೀನು ಸತ್ತು ಹೋದ್ರೆ ಯಾರ ಹತ್ರ ಬರ್ಲಿ, ನಾಯಿ ಹತ್ರಾನಾ? ನಾಳೆಯಿಂದ ಶೇಂಗಾ, ಸೋಯಾ ಉಂಡೆ ಮಾಡ್ತೀನಿ. ನನ್ನ ಎದುರಿಗೇ ತಿನ್ಬೇಕು."

"ತಿಂತೀನಿ. ಇದನ್ನ ನೀನು ತಿನ್ನು. ನಿನ್ನ ಪಾಲಿನ ಕೈಮಾನೂ ನನಗೇ ಹಾಕ್ತಿದ್ದಿ, ಬತ್ತಿದ ಕೆನ್ನೆ ನೋಡಿದ್ರೆ ಗೊತ್ತಾಗ್ತೈತೆ."

ಬೇವಿನ ನೆರಳಿನ ಕಟ್ಟೆಯ ಮೇಲೆ ಕೂತು ಅವಳು ಅಳುತ್ತಲೇ ಬನ್ನು ತಿಂದಳು. ತುಟಿಗೆ ಅಂಟಿದ ಮಸಾಲೆಯನ್ನು ಅವನು ಹೆಬ್ಬೆರಳಿನಿಂದ ಒರೆಸಿದ.

ಅವರ ಕಡೆ ಪಕ್ಕದ ಮನೆಯ ಪಾತ್ರೆಯನ್ನೂ ಬರಿದಾಗಿ ಹಿಂತಿರುಗಿಸುವುದಿಲ್ಲ. ಚಿಟಿಕೆ ಸಕ್ಕರೆಯಾದರೂ ಹಾಕುತ್ತಾರೆ.

"ಮೂರು ವಾರ ಬರೇ ಡಬ್ಬಿ ಕೊಟ್ಟೀಯ" ಎಂದಳು.

ಮಹಾಂತೇಶ ಜೇಬು ತಡಕಿದ. ಸಿಕ್ಕಿದ್ದು ತೂಕದ ಚೀಟಿ. ಅದನ್ನೇ ಮಡಚಿ ಡಬ್ಬಿಯೊಳಗೆ ಹಾಕಿದ.

"ಸದ್ಯಕ್ಕೆ ಇಷ್ಟೇ ಐತೆ. ಮುಂದಿನ ಮಂಗಳವಾರ ಇದಕ್ಕಿಂತ ಜಾಸ್ತಿ ಕೊಡ್ತೀನಿ."

ಯಶೋದಾ ಮುಚ್ಚಳ ಬಿಗಿಯಾಗಿ ಒತ್ತಿದಳು.