ಕೆಳಗಿನ ಕಣ್ಣಿಗೊಂದು ಲೆನ್ಸು

"ಜೋಡೀಲಿ ಒಂದನ್ನೇ ಯಾರಾದ್ರೂ ಮಾರ್ತಾರೇನ್ರೀ?"

ಬಾಬುರಾಯನಕೊಪ್ಪಲಿನ ಆ ಮನೆಯ ಜಗಲಿಯಲ್ಲಿ ನಿಂತು ನಾನು ಜಗಳವನ್ನೇ ಶುರುವಿಟ್ಟುಕೊಂಡಿದ್ದೆ.

"ಒಂದೇ ಅಂತಾನೇ ಅಗ್ಗ ಕಣ್ರೀ," ಎಂದು ಸಿದ್ದರಾಜು ನಕ್ಕ. ಅವನಿಗೆ ಹಾಲಿನ ಡೈರಿಯಲ್ಲಿ ಕೆಲಸ. ಅಪ್ಪನ ಮುಚ್ಚಿದ ಫೋಟೋ ಸ್ಟುಡಿಯೋದ ಸಾಮಾನನ್ನು ಆನ್‌ಲೈನ್‌ನಲ್ಲಿ ಮಾರುತ್ತಿದ್ದ.

ನನ್ನದು ಎರಡು ಕಣ್ಣಿನ ಹಳೇ ಯಾಶಿಕಾ ಕ್ಯಾಮೆರಾ. ಮೇಲಿನ ಕಣ್ಣು ನಮಗೆ ತೋರಿಸುತ್ತದೆ, ಕೆಳಗಿನದು ಫಿಲಂ ಮೇಲೆ ಚಿತ್ರ ಮೂಡಿಸುತ್ತದೆ. ಕ್ಯಾತನಹಳ್ಳಿಯ ನಮ್ಮ ಆಲೆಮನೆಯನ್ನು ಕೊಪ್ಪರಿಗೆ, ಒಲೆ, ಅಜ್ಜಿ ಸಮೇತ ಒಂದೇ ಫೋಟೋದಲ್ಲಿ ಹಿಡಿಯುವ ಹುಚ್ಚು ನನಗೆ. ಹಿಂದೆ ಸರಿಯೋಣವೆಂದರೆ ಬೆನ್ನಿಗೆ ಗೋಡೆ. ಹೆಚ್ಚು ಅಗಲ ಹಿಡಿಯಲು ಎರಡೂ ಕಣ್ಣಿನ ಮುಂದೆ ಸಿಕ್ಕಿಸುವ ವೈಡ್ ಲೆನ್ಸಿನ ಜೋಡಿಯ ಬೆಲೆ ನೋಡಿದರೆ ಡ್ರಾಯಿಂಗ್ ಟೀಚರ್ ಸಂಬಳ ನಾಚಿಕೊಳ್ಳುತ್ತಿತ್ತು.

"ಮೇಲಿಂದು ಕಳ್ದೋಗದೆ. ಇದ ಕೆಳಗಿನ ಕಣ್ಗೆ ಆಕ್ಕೊಳ್ಳಿ. ನಿಮ್ಗೆ ಕಾಣೋದಕ್ಕಿಂತ ಜಾಸ್ತೀನೇ ಫೋಟೋದಲ್ಲಿ ಬತ್ತದೆ."

"ಎಷ್ಟು ಜಾಸ್ತಿ?"

"ನಾನೇ ಬಂದು ತೋರುಸ್ತೀನಿ ಬುಡಿ," ಎಂದವನ ಕಿವಿ ಕೆಂಪಾಯಿತು.

ತೋರಿಸಲು ಬಂದವನು ಮತ್ತೆ ಮತ್ತೆ ಬಂದ. ತೊಣ್ಣೂರು ಕೆರೆಯ ಏರಿ, ಕುಂತಿ ಬೆಟ್ಟದ ಬಂಡೆ, ಎಳೆ ಬಿಸಿಲಿನ ಕಬ್ಬಿನ ಗದ್ದೆ. ಫೋಟೋ ಎಲ್ಲಿಯವರೆಗೆ ಬರುತ್ತದೆಂದು ಅವನು ಕೈ ಚಾಚಿ ತೋರಿಸುತ್ತಿದ್ದ, ನಾನು ನಂಬುತ್ತಿದ್ದೆ.

ಆ ಕ್ಯಾಮೆರಾವನ್ನು ಹೊಟ್ಟೆಯ ಹತ್ತಿರ ಹಿಡಿದು, ತಲೆ ತಗ್ಗಿಸಿ ಅದರ ನೆತ್ತಿಯ ಗಾಜಿನಲ್ಲಿ ನೋಡಬೇಕು. ನಾನು ಗಾಜಿನಲ್ಲಿ ಮುಳುಗಿದ್ದಾಗ ಅವನು ಎತ್ತ ನೋಡುತ್ತಿದ್ದನೋ ತಿಳಿಯುತ್ತಿರಲಿಲ್ಲ. ತಿಳಿಯಬೇಕೆಂದು ಜೀವ ಹಂಬಲಿಸುತ್ತಿತ್ತು. ಲೋಕದ ಮಾತೆಲ್ಲ ಆಡುವ ಮನುಷ್ಯ, ನನಗೆ ಬೇಕಾದ ಒಂದು ಮಾತು ಮಾತ್ರ ಆಡಲೊಲ್ಲ.

ಅಷ್ಟರಲ್ಲಿ ಹೊಣಕೆರೆಯ ಗಂಡಿನವರು ಭಾನುವಾರ ನನ್ನನ್ನು ನೋಡಲು ಬರುತ್ತಾರೆಂದು ಅವ್ವ ಹೇಳಿದಳು. ಫೋಟೋ ತೆಗೆಯುವ ದಿನ ಆಲೆಮನೆ ಬಾಗಿಲಲ್ಲೇ ಅವನಿಗೆ ತಿಳಿಸಿದೆ.

"ಓ," ಎಂದ. ಅಷ್ಟೇ. ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಒಳಗೆ ಬೆಲ್ಲದ ಪಾಕ ಉಕ್ಕುತ್ತಿತ್ತು. ಹೆಂಚಿನ ಸಂದಿಯಿಂದ ಇಳಿದ ಬಿಸಿಲು ಹಬೆಯಲ್ಲಿ ತೇಲುತ್ತಿತ್ತು. ಕೊಪ್ಪರಿಗೆಯ ಪಕ್ಕ ಆಳುಗಳ ಜೊತೆ ನಮ್ಮಜ್ಜಿ ಪುಟ್ಟಗೌರಮ್ಮ ಸೆರಗು ಸರಿಮಾಡಿಕೊಂಡು ನಿಂತಿದ್ದಳು.

"ನೀವು ಫೋಟೋದಲ್ಲಿ ಬರ್ತೀರ, ಆಚೆ ಹೋಗ್ರೀ," ಎಂದು ಸಿಡುಕಿದೆ.

ಸಿದ್ದರಾಜು ಕಂಬದ ಹತ್ತಿರ ಸರಿದ. "ಇಲ್ಲಿ ಬರಕಿಲ್ಲ. ಈ ಲೆನ್ಸು ನಂಗೊತ್ತು."

ಗಾಜಿನಲ್ಲಿ ನೋಡಿದೆ. ನಿಜ, ಅವನಿರಲಿಲ್ಲ. ಕ್ಲಿಕ್ ಮಾಡಿದೆ.

ಶುಕ್ರವಾರ ಮೈಸೂರಿನ ಲ್ಯಾಬಿನಿಂದ ಫೋಟೋ ಮೊಬೈಲಿಗೆ ಬಂತು. ಮೊದಲು ನೋಡಿದವಳು ಅಜ್ಜಿ.

"ಅಯ್, ಈ ಕಂಬದ್ ತಾವ ನಿಂತವ್ನಲ್ಲ, ಆವತ್ ಬಂದಿದ್ದ ಉಡುಗ ಅಲ್ವಾ? ಎಲ್ರೂ ಕ್ಯಾಮ್ರ ನೋಡ್ತಾವ್ರೆ. ಇವ್ನು ನಿನ್ ಮೊಕ ನೋಡ್ತಾವ್ನೆ."

ಫೋನು ಕಿತ್ತುಕೊಂಡೆ. ಫೋಟೋದ ತುದಿಯಲ್ಲಿ, ಹಬೆಯ ಮಸುಕಿನಲ್ಲಿ, ಸಿದ್ದರಾಜು. ಅವನು ನೋಡುತ್ತಿದ್ದದ್ದು ಲೆನ್ಸನ್ನಲ್ಲ, ಅದಕ್ಕಿಂತ ಒಂದು ಮೊಳ ಮೇಲೆ. ಅಲ್ಲಿದ್ದದ್ದು ತಗ್ಗಿದ ನನ್ನ ಮುಖ. ಅಷ್ಟು ಆಸೆಯಿಂದ ನನ್ನನ್ನು ಯಾರೂ ನೋಡಿರಲಿಲ್ಲ. ಕಣ್ಣು ತುಂಬಿ ಬಂತು.

"ನಿಂಗೂ ಅವ್ನು ಇಷ್ಟವಾ?" ಅಜ್ಜಿ ಮೆಲ್ಲಗೆ ಕೇಳಿದಳು.

ಹೌದೆಂದು ತಲೆಯಾಡಿಸಿದೆ.

"ಸರಿ, ಒಣಕೆರೆಯೋರ್ಗೆ ಬರಬ್ಯಾಡಿ ಅಂತ ಯೋಳುಸ್ತೀನಿ. ನೀ ಓಗು."

ಬಾಬುರಾಯನಕೊಪ್ಪಲಿನ ಅದೇ ಜಗಲಿ. ಫೋನು ಅವನ ಮುಂದೆ ಹಿಡಿದೆ. "ಇಲ್ಲಿ ಬರಕಿಲ್ಲ ಅಂದಿದ್ರಿ?"

ಅವನು ಫೋಟೋವನ್ನೇ ನೋಡುತ್ತ ಹೇಳಿದ. "ಬತ್ತದೆ ಅಂತ ಗೊತ್ತಿತ್ತು. ಬಾಯ್ಬುಟ್ಟು ಯೋಳಕ್ಕೆ ಆಗ್ನಿಲ್ಲ. ನೀವೇ ನೋಡ್ಕೊಳ್ಳಿ ಅಂತ ನಿಂತ್ಕಂಡೆ."

ಒಳಗೆ ಹೋಗಿ ಚಿಕ್ಕದೊಂದು ಚರ್ಮದ ಡಬ್ಬಿ ತಂದು ನನ್ನ ಅಂಗೈಯಲ್ಲಿಟ್ಟ. ಒಳಗೆ ಮೇಲಿನ ಕಣ್ಣಿನ ಲೆನ್ಸು.

"ಕಳ್ದೋಗದೆ ಅಂದಿದ್ದು?"

"ಅದೂ ಸುಳ್ಳೇ. ಅವತ್ತೇ ಎರಡೂ ಕೊಟ್ಬುಟ್ಟಿದ್ರೆ, ನಂಗೆ ನಿಮ್ಮ್ ತಾವ ಬರಕ್ಕೆ ಏನ್ ನೆಪ ಇರ್ತಿತ್ತು?"

ಹೆಗಲಲ್ಲಿದ್ದ ಕ್ಯಾಮೆರಾಗೆ ಲೆನ್ಸು ಸಿಕ್ಕಿಸಿ ತಲೆ ತಗ್ಗಿಸಿದೆ. ಗಾಜಿನಲ್ಲಿ ಜಗಲಿ, ಹಾಲಿನ ಕ್ಯಾನು, ಬೆವರುತ್ತಿದ್ದ ಅವನು, ಎಲ್ಲವೂ ಹಿಡಿಸಿತ್ತು. ಫೋಟೋ ತೆಗೆಯಲಿಲ್ಲ. ಕ್ಯಾಮೆರಾ ಮುಚ್ಚಿ ಅವನನ್ನೇ ನೇರವಾಗಿ ನೋಡಿದೆ. ಈ ಸಲ ತಲೆ ತಗ್ಗಿಸಿದವನು ಅವನು.

"ತಲೆ ಎತ್ರೀ. ಭಾನುವಾರ ಹೊಣಕೆರೆಯೋರು ಬರ್ತಿಲ್ಲ. ಕೇಸರಿಬಾತಿಗೆ ಆಗ್ಲೇ ರವೆ ತಂದಾಗಿದೆ. ನಿಮ್ಮವ್ವನ್ನ ಕರ್ಕೊಂಡು ನೀವೇ ಬಂದ್ಬುಡಿ."