ಬಾಯಿಯ ಅಚ್ಚು

"ಸಾರ್, ಕಚ್ಚಿದ್ದನ್ನ ಹಾಗೇ ಬಿಟ್ಟು ಹೋಗ್ಬೇಡಿ. ಪೂರ್ತಿ ತಿನ್ನಿ, ಇಲ್ಲಾ ಪುಡಿ ಮಾಡಿ."

ಚಹಾದಂಗಡಿಯವನು ಹೆಗಲ ಬಟ್ಟೆಯ ತುದಿಯನ್ನು ಬಾಯಿಗೆ ಅಡ್ಡ ಹಿಡಿದು ಹೇಳಿದ. ತಟ್ಟೆಯಲ್ಲಿ ಅರ್ಧ ಬಿಸ್ಕತ್ತು ಉಳಿದಿತ್ತು. ಅದರ ಅಂಚಿನಲ್ಲಿ ಹಲ್ಲುಗಳ ಗುರುತು ಸಾಲಾಗಿ ಮೂಡಿತ್ತು.

"ಯಾಕಪ್ಪಾ, ನಿಮ್ಮೂರ ಇರುವೆಗಳಿಗೆ ನನ್ನ ಎಂಜಲು ಆಗೋಲ್ವಾ?" ಎಂದು ಹಲ್ಲಿನವನು ನಕ್ಕ.

ಅಂಗಡಿಯವನು ನಗಲಿಲ್ಲ. ಬಿಸ್ಕತ್ತನ್ನು ಅಂಗೈಯಲ್ಲಿ ಹಿಟ್ಟಾಗುವ ತನಕ ತಿಕ್ಕಿ ಬಾಗಿಲಾಚೆಯ ಮರಳಿಗೆ ಊದಿದ. "ಇಲ್ಲಿ ದಾಹ ಹತ್ತಿದವರು ಇದಾರೆ ಸಾರ್. ಅವರಿಗೆ ನೀರು ಇಳಿಯೋಲ್ಲ. ಇಷ್ಟು ಗುರುತು ಸಿಕ್ಕಿದ್ರೂ ಒಂದು ಗುಟುಕು ಇಳಿಯುತ್ತೆ, ನಿಮಗೆ ಒಂದು ದಿನ ಬಾಯಾರುತ್ತೆ. ಇಡೀ ಬಾಯಿ ಗುರುತು ಸಿಕ್ಕಿದ್ರೆ ಕತೆ ಬೇರೆ. ಯಾರ ಮಾತು ನಂಬಿ ನೀವು ಬಾಯಿ ತೆಗೆದ್ರೋ, ಅವರ ಕೈಗೇ ಅದು ಸಿಗಬೇಕು. ಅವರು ಅದಕ್ಕೆ ತಮ್ಮ ಎಂಜಲು ಹಚ್ಚಿ ಬತ್ತಿದ ಬಾವಿಗೆ ಹಾಕಿದ್ರೆ ಇಡೀ ದಾಹ ದಾಟಿಬಿಡುತ್ತೆ."

"ದಾಟಿ?"

"ನಿಮಗೆ ಬರುತ್ತೆ." ಅವನ ಕಣ್ಣು ಹಲ್ಲಿನವನ ಕಾಲ ಬಳಿಯಿದ್ದ ತಗಡಿನ ಪೆಟ್ಟಿಗೆಯ ಮೇಲಿತ್ತು. "ನೀವು ಅಚ್ಚು ತೆಗೆಯೋರು ಅಂತೆ. ತೆಗೀರಿ. ಕೆಲಸ ಆದ ತಕ್ಷಣ ನಿಮ್ಮ ಕೈಯಾರೆ ಒಡೆದುಬಿಡಿ."

"ಒಡೆಯೋಣ ಬಿಡು. ಮೊದಲು ನಿನ್ನ ಬಾಯಿ ತೋರಿಸು, ಎರಡು ಕೋರೆಹಲ್ಲು ಕೂರಿಸಿ ನಿನ್ನನ್ನೂ ಹೀರೋ ಮಾಡ್ತೀನಿ."

ಅಂಗಡಿಯವನು ಬಟ್ಟೆಯನ್ನು ಇನ್ನಷ್ಟು ಬಿಗಿಯಾಗಿ ಒತ್ತಿಕೊಂಡು ಒಲೆಯ ಕಡೆ ತಿರುಗಿದ.

ಹಲ್ಲಿನವನು ಡಾಕ್ಟರಲ್ಲ. ಡಾಕ್ಟರುಗಳು ಕಳಿಸುವ ಅಚ್ಚುಗಳಿಗೆ ತಕ್ಕಂತೆ ಕಟ್ಟುಹಲ್ಲು ಮಾಡಿಕೊಡುವವನು. ನಗರದಲ್ಲಿ ಒಂದೂವರೆ ಕೋಣೆಯ ಲ್ಯಾಬು, ಗೋಡೆ ತುಂಬ ಕಪಾಟು, ಕಪಾಟು ತುಂಬ ಪ್ಲಾಸ್ಟರಿನ ದವಡೆಗಳು. ಹಗಲೆಲ್ಲ ಕಂಡವರ ಹಲ್ಲು ಕಿರಿಯುವುದನ್ನು ನೋಡಿಕೊಂಡು ಕೂರುವ ಮನುಷ್ಯನಿಗೆ ದೆವ್ವದ ಭಯ ಎಲ್ಲಿಂದ ಬರಬೇಕು? ಅವನನ್ನು ಈ ಮರಳುಗಾಡಿನ ಊರಿಗೆ ಕರೆಸಿದ್ದು ಭಾವ. ಕಳಿಸಿದ್ದು ಅಕ್ಕ. "ಕೋರೆಹಲ್ಲು ಸರಿಯಾಗಿ ಕೂರದಿದ್ರೆ ಜನ ಥಿಯೇಟರಲ್ಲೇ ಉಗೀತಾರೆ. ನಿಮ್ಮ ಭಾವನ ಮಾನ ನಿನ್ನ ಕೈಲಿದೆ ಪುಟ್ಟಾ," ಎಂದು ಫೋನಿನಲ್ಲಿ ಅತ್ತಿದ್ದಳು. ಅಮ್ಮ ಸತ್ತ ಮೇಲೆ ಅವನ ತಲೆ ಬಾಚಿ ಶಾಲೆಗೆ ಕಳಿಸಿದವಳು ಅವಳು. ಅವಳು ಅತ್ತರೆ ಅವನು ಹೊರಟ, ಅಷ್ಟೇ.

ಭಾವ ತೆಗೆಯುತ್ತಿದ್ದದ್ದು ನಗಿಸುವ ದೆವ್ವದ ಸಿನಿಮಾ. ರಕ್ತ ಕುಡಿಯುವ ಏಳು ವ್ಯಾಂಪೈರುಗಳು ದಾರಿ ತಪ್ಪಿ ಮರುಭೂಮಿಯ ಊರಿಗೆ ಬರುತ್ತವೆ. ಅಲ್ಲಿನ ಜನ ಬಿಸಿಲಿಗೆ ಒಣಗಿ ಕಟ್ಟಿಗೆಯಾದವರು. ಕಚ್ಚಿದರೆ ಹಲ್ಲು ಮುರಿಯುತ್ತದೆಯೇ ಹೊರತು ಒಂದು ಹನಿ ರಕ್ತ ಬರುವುದಿಲ್ಲ. ಕಡೆಗೆ ವ್ಯಾಂಪೈರುಗಳೇ ಊರಿನವರ ಮುಂದೆ ಕೈಮುಗಿದು ಒಂದು ಲೋಟ ನೀರು ಬೇಡುತ್ತವೆ. ಕತೆ ಕೇಳಿ ಹಲ್ಲಿನವನು ಹೊಟ್ಟೆ ಹಿಡಿದು ನಕ್ಕಿದ್ದ. ಭಾವನೂ ನಕ್ಕಿದ್ದ, ತುಟಿ ಬಿಚ್ಚದೆ. ಆರು ತಿಂಗಳ ಹಿಂದೆ ಬೇರೊಂದು ಸಿನಿಮಾಕ್ಕೆ ಜಾಗ ನೋಡಲೆಂದು ಈ ಊರಿಗೆ ಬಂದು ಹೋದಾಗಿನಿಂದ ಅವನ ತುಟಿ ಸೀಳಿತ್ತು. ಮೈ ಇಳಿದಿತ್ತು. ಕಂಕುಳಲ್ಲಿ ಸದಾ ಒಂದು ಉಕ್ಕಿನ ಫ್ಲಾಸ್ಕು. ಅದರ ಮುಚ್ಚಳ ತೆಗೆದಾಗ ತುಕ್ಕು ಹಿಡಿದ ನಲ್ಲಿಯ ವಾಸನೆ ಬರುತ್ತಿತ್ತು. ಏನೋ ಕಷಾಯ ಎಂದುಕೊಂಡಿದ್ದರು ಎಲ್ಲರೂ.

ಹಳೆಯ ಉಪ್ಪಿನ ಗೋದಾಮಿನಲ್ಲಿ ಹಲ್ಲಿನವನ ಕೆಲಸ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಹಗಲಲ್ಲೂ ಗವಿಯಂಥ ಕತ್ತಲು. ಗೋಡೆ ನೆಕ್ಕಿದರೆ ಉಪ್ಪು. ಒದ್ದೆ ಪ್ಲಾಸ್ಟರು, ಸ್ಪಿರಿಟ್ಟು, ಅಚ್ಚಿನ ಗುಲಾಬಿ ಪೇಸ್ಟಿನ ಪೆಪ್ಪರ್‌ಮಿಂಟು ವಾಸನೆ. ಹಿಂದಿನ ಕಿಟಕಿ ತೆರೆದರೆ ಹತ್ತು ಹೆಜ್ಜೆ ಆಚೆಗೆ ಬತ್ತಿದ ಬಾವಿ.

ಮೊದಲ ದಿನ ಒಬ್ಬ ನಟನೂ ಬಾಯಿ ತೆರೆಯಲಿಲ್ಲ. ಚಹಾದಂಗಡಿಯವನ ಮಾತು ಎಲ್ಲರ ಕಿವಿಗೂ ಬಿದ್ದಿತ್ತು. ವ್ಯಾಂಪೈರುಗಳ ಯಜಮಾನನ ಪಾತ್ರದ ಹಾಸ್ಯನಟ, ಯೂನಿಟ್ಟಿಗೆಲ್ಲ ದಪ್ಪಣ್ಣ, ಬಾಗಿಲಲ್ಲೇ ನಿಂತು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದ.

"ದಪ್ಪಣ್ಣಾ, ನೀವು ಬಾಯಿ ಮುಚ್ಚಿದ್ದನ್ನ ಇವತ್ತೇ ಮೊದಲು ನೋಡ್ತಿರೋದು," ಎಂದಳು ಮೇಕಪ್ಪಿನವಳು.

ಎಲ್ಲರೂ ನಕ್ಕರು. ಆಗ ಭಾವ ಒಳಗೆ ಬಂದ. "ಎಂಥಾ ಹೆದರುಪುಕ್ಕಲರಯ್ಯಾ ನೀವು! ನೋಡಿ, ಮೊದಲು ನಮ್ಮ ಮನೆ ಹುಡುಗನದ್ದೇ ತೆಗೆಯೋಣ." ಪೇಸ್ಟು ತುಂಬಿದ ಉಕ್ಕಿನ ತಟ್ಟೆಯನ್ನು ಹಲ್ಲಿನವನ ಕೈಯಿಂದ ತಾನೇ ತೆಗೆದುಕೊಂಡ. "ನಾನೇ ಹಿಡೀತೀನಿ. ಬಾಯಿ ತೆಗಿ."

ಹಲ್ಲಿನವನು ತೆರೆದ.

"ಇನ್ನೂ ಸ್ವಲ್ಪ ತೆಗಿ ಕಣಯ್ಯಾ. ನಂಬಿಕೆ ಇಲ್ವಾ ಭಾವನ ಮೇಲೆ?"

ಮತ್ತೆ ನಗು. ಹಲ್ಲಿನವನು ದವಡೆ ಕಿತ್ತು ಬರುವಷ್ಟು ಬಾಯಿ ಅಗಲಿಸಿದ. ಮೇಲಿನ ಸಾಲು, ಕೆಳಗಿನ ಸಾಲು. ತಣ್ಣನೆಯ ಪೇಸ್ಟು ಒಸಡಿಗೆ ಅಂಟಿ ಗಟ್ಟಿಯಾಗುವಾಗ ಭಾವನ ಬೆರಳು ಅವನ ಗದ್ದದ ಮೇಲಿತ್ತು. ಯೂನಿಟ್ಟು ಚಪ್ಪಾಳೆ ತಟ್ಟಿತು. ಅಲ್ಲಿಂದ ಮುಂದೆ ಒಬ್ಬೊಬ್ಬರಾಗಿ ಎಲ್ಲರೂ ಬಾಯಿ ಕೊಟ್ಟರು. ದಪ್ಪಣ್ಣ ಕೊನೆಗೆ ಬಂದ. ಎರಡು ಸಲ ಓಕರಿಸಿ, ಮೂರನೆಯ ಸಲ ಹಲ್ಲಿನವನ ಮಣಿಕಟ್ಟು ಹಿಡಿದುಕೊಂಡು ಬಾಯಿ ತೆರೆದ. "ನಮ್ಮಪ್ಪನಿಗೂ ಹೀಗೆ ಬಾಯಿ ತೆಗೆದಿರಲಿಲ್ಲ ತಮ್ಮಾ. ನಿನ್ನ ಮುಖ ನೋಡಿ ತೆಗೀತಿದೀನಿ."

ಕೋರೆಹಲ್ಲು ಕೂತ ಮೇಲೆ ದಪ್ಪಣ್ಣನ ಬಾಯಲ್ಲಿ "ಶಾಶ್ವತ" ಎಂಬುದು "ಥಾಥ್ವತ" ಆಯಿತು. ಭಾವ ಅದನ್ನೇ ಇರಲಿ ಎಂದ.

ಪೇಸ್ಟಿನ ಗುರುತಿಗೆ ಪ್ಲಾಸ್ಟರು ಸುರಿದು ತೆಗೆದ ಬಿಳಿ ಅಚ್ಚುಗಳು ಹಲಗೆ ಏರಿದವು. ಅವನ್ನು ಒಡೆಯುವ ಮಾತು ಹಲ್ಲಿನವನಿಗೆ ನೆನಪಾಗಲೂ ಇಲ್ಲ. ನಾಲ್ಕನೆಯ ದಿನ ನೋಡಿದರೆ ಹಲಗೆಯ ಮೇಲಿಂದ ಅವನದೇ ಅಚ್ಚು ಮಾಯ. ಕೇಳಿದ್ದಕ್ಕೆ ಭಾವ, "ಪೋಸ್ಟರಿಗೆ ಫೋಟೋ ತೆಗೆಸ್ತಿದೀನಿ," ಎಂದ. ತನ್ನ ಹಲ್ಲು ಪೋಸ್ಟರಿನಲ್ಲಿ ಬರುತ್ತದೆಂದು ಹಲ್ಲಿನವನು ಹಿಗ್ಗಿದ.

ಆ ದಿನ ನಡುಮಧ್ಯಾಹ್ನ ಬಾವಿಯ ಬಳಿ ರಾತ್ರಿಯ ಸೀನು. ಕ್ಯಾಮೆರಾದ ಮುಂದೆ ನೀಲಿ ಗಾಜು ಹಿಡಿದು ಬಿಸಿಲನ್ನೇ ಬೆಳದಿಂಗಳು ಮಾಡುವ ಉಪಾಯ. ಹಲ್ಲಿನವನು ಗೋದಾಮಿನ ಕಿಟಕಿಯಲ್ಲಿ ನಿಂತು ನೋಡುತ್ತಿದ್ದ. ಭಾವ ಒಬ್ಬನೇ ಬಾವಿಯ ಕಟ್ಟೆಗೆ ಹೋದ. ಅಂಗಿಯೊಳಗಿಂದ ಬಿಳಿಯದೇನನ್ನೋ ತೆಗೆದ. ಅದನ್ನು ಮುಖದ ಹತ್ತಿರ ಹಿಡಿದು ನಾಲಗೆ ಚಾಚಿದ. ನಿಧಾನವಾಗಿ, ಒಂದೊಂದೇ ಹಲ್ಲಿನ ಮೇಲೆ ನಾಲಗೆ ಎಳೆದ. ಕೈಬಿಟ್ಟ.

ಬಿದ್ದ ಸದ್ದು ಬರಲಿಲ್ಲ. ಬಹಳ ಹೊತ್ತಾದ ಮೇಲೆ ಆಳದಲ್ಲಿ ಎರಡು ಸಾಲು ಹಲ್ಲು ಒಂದಕ್ಕೊಂದು ಕಚ್ಚಿದ ಸದ್ದು ಬಂತು. ಕಟ್. ಅಷ್ಟೇ.

ಭಾವ ಓಡಿದ. ನೀರಿನ ಟ್ಯಾಂಕರಿನ ನಲ್ಲಿಗೆ ಬಾಯಿ ಕೊಟ್ಟ. ಕುಡಿದ. ಅಂಗಿ ನೆನೆಯಿತು, ಪ್ಯಾಂಟು ನೆನೆಯಿತು, ಕುಡಿಯುತ್ತಲೇ ಇದ್ದ. ಬಿಕ್ಕಿ ಬಿಕ್ಕಿ ಅಳುತ್ತ ಕುಡಿಯುತ್ತಿದ್ದ. "ಸಾರ್ ಆಕ್ಟಿಂಗು ನೋಡ್ರೋ!" ಎಂದು ಲೈಟಿನವರು ಶಿಳ್ಳೆ ಹಾಕಿದರು.

ಹಲ್ಲಿನವನ ನಾಲಗೆ ಅಂಗುಳಕ್ಕೆ ಅಂಟಿಕೊಂಡಿತು.

ಬಾಟಲಿ ಎತ್ತಿದ. ಬಾಯಿಗೆ ಬಿದ್ದದ್ದು ಮರಳು. ಉಗುಳಿದ. ನೆಲದ ಮೇಲೆ ನೀರು. ಮತ್ತೆ ಕುಡಿದ. ಮರಳು. ಹಲ್ಲಿನ ಸಂದಿಯಲ್ಲಿ ಕರಕರ. ಗಂಟಲಲ್ಲಿ ಕರಕರ. ಉಗುಳಿದ. ನೀರು. ಪ್ಲಾಸ್ಟರು ಕಲಸುವ ಬಕೆಟ್ಟಿಗೆ ತಲೆ ಅದ್ದಿದ. ಮುಖ ಒದ್ದೆಯಾಯಿತು. ಬಾಯಿ ಆಗಲಿಲ್ಲ. ಕೂಗಲು ಹೋದ. ದನಿ ಹೊಟ್ಟಿನ ಹಾಗೆ ಉದುರಿತು. ಮೇಕಪ್ಪಿನವಳು ಬಾಗಿಲಿಗೆ ಬಂದು "ಯಾಕೆ, ಹುಷಾರಿಲ್ವಾ?" ಎಂದಳು. ಅವಳ ಮಾತು ಅವನಿಗೆ ಕೇಳಿಸಲಿಲ್ಲ. ಕುತ್ತಿಗೆಯ ನರ ಕೇಳಿಸಿತು. ಡಬ್. ಡಬ್. ತುಕ್ಕು ಹಿಡಿದ ನಲ್ಲಿಯ ವಾಸನೆ. ಅದೇ ವಾಸನೆ. ಅವನ ಬಾಯಲ್ಲಿ ಮೊದಲ ಸಲ ಜೊಲ್ಲು ಊರಿತು. ಅವನು ಬಾಗಿಲನ್ನು ಅವಳ ಮುಖಕ್ಕೇ ಹಾಕಿ ಚಿಲಕ ಜಡಿದ.

ಹೊರಗೆ ಭಾವನ ದನಿ, ತೇವವಾದ ಹೊಸ ದನಿ, ಕೇಳುತ್ತಿತ್ತು: "ಪ್ಯಾಕಪ್! ಹುಡುಗನಿಗೆ ಜ್ವರ, ಮಲಗಲಿ. ಹಿಂದಿನ ಗಾಡಿಯಲ್ಲಿ ಬರ್ತಾನೆ." ಹಿಂದಿನ ಗಾಡಿ ಎಂಬುದೇ ಇರಲಿಲ್ಲ. ಬಸ್ಸಿನ ಸದ್ದು ಮರಳಿನಲ್ಲಿ ಕರಗಿತು.

ಹಲ್ಲಿನವನು ತೂರಾಡಿಕೊಂಡು ಚಹಾದಂಗಡಿಗೆ ಹೋದ. ಅಂಗಡಿಯವನು ಅವನ ತುಟಿ ನೋಡಿದ. "ಹೇಳಿದ್ದೆ ಸಾರ್," ಎಂದಷ್ಟೇ ಹೇಳಿ ಶಟರು ಎಳೆದ.

ಗೋದಾಮಿಗೆ ಮರಳಿ ಅಕ್ಕನಿಗೆ ಫೋನು ಮಾಡಿದ. "ಅಕ್ಕಾ... ಭಾವ ನನಗೆ..."

"ಆಯ್ತಾ?" ಎಂದಳು ಅಕ್ಕ.

ಅವನು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿದ.

"ಪುಟ್ಟಾ, ಕೇಳು. ಆರು ತಿಂಗಳಿಂದ ಮಾಂಸದಂಗಡಿಯ ರಕ್ತ ನಾನೇ ತಂದು ಫ್ಲಾಸ್ಕು ತುಂಬಿಸ್ತಿದ್ದೆ. ಬರಬರ್ತಾ ಅದೂ ಸಾಲದೆ ಹೋಯ್ತು. ಒಂದಿನ ನೋಡಿದ್ರೆ ಮಗಳ ಮಂಚದ ಹತ್ರ ನಿಂತಿದಾರೆ. ಅವಳು ಮಲಗಿದ್ಲು. ಇವರ ಬಾಯಿ ತೆರೆದಿತ್ತು." ಅವಳ ಉಸಿರು ಕೇಳಿಸಿತು. "ನಾನೇನು ಮಾಡ್ಲಿ ಹೇಳು? ಕೋರೆಹಲ್ಲಿನ ಕತೆ ಮಾಡಿ, ಹಲ್ಲು ಮಾಡೋಕೆ ನಿನ್ನನ್ನ ಕರೆಸಿ ಅಂತ ಇವರಿಗೆ ಹೇಳಿದ್ದು ನಾನೇ. ನಿನಗೆ ಹೆಂಡತಿ ಇಲ್ಲ, ಮಕ್ಕಳಿಲ್ಲ..."

"ನಾನು ಮನೆಗೆ ಬರ್ತೀನಿ ಅಕ್ಕಾ."

"ಬೇಡ," ಎಂದಳು ತಟ್ಟನೆ. "ಅಲ್ಲೇ ಇರು. ಏನು ಬೇಕೋ ಕಳಿಸ್ತೀನಿ. ಇಲ್ಲಿಗೆ ಬರಬೇಡ, ಮಗು ಇದೆ."

ಅದನ್ನು ಹೇಳಿದ ಮೇಲೆ ಅವಳಿಗೆ ನೆನಪಾಯಿತು. ನೆನಪಾದದ್ದು ಅವನಿಗೆ ಫೋನಿನಲ್ಲೇ ತಿಳಿಯಿತು. ಎರಡು ವರ್ಷದ ಹಿಂದೆ ಅಕ್ಕನ ಮಗಳ ಹಲ್ಲಿಗೆ ಕ್ಲಿಪ್ಪು ಹಾಕಿಸುವಾಗ ಅಚ್ಚು ತೆಗೆದವನು ಅವನೇ. "ಬಾಯಿ ತೆಗಿ ಬಂಗಾರಿ" ಎಂದು ಅವನು ಅಂದಿದ್ದ. ಮಾಮ ಅಂದನಲ್ಲ ಎಂದು ಅವಳು ತೆರೆದಿದ್ದಳು.

"ಪುಟ್ಟಾ... ಮಗೂದು... ನಿನ್ನ ಹತ್ರ..."

ಅವಳು ಹೆದರಲಿ ಎಂದು ಸುಮ್ಮನಿದ್ದ. ಎಷ್ಟು ಹೊತ್ತು ಸುಮ್ಮನಿದ್ದರೂ ಅದರಿಂದ ಅವನ ಗಂಟಲು ತಣಿಯಲಿಲ್ಲ.

"ಲ್ಯಾಬಲ್ಲಿದೆ," ಎಂದ ಕೊನೆಗೆ. "ಮೂರನೇ ಸಾಲು, ಎಡಗಡೆ. ಹಸಿರು ಶಾಯಿಯಲ್ಲಿ ಅವಳ ಹೆಸರು ಬರೆದಿದೀನಿ. ಬೀಗದ ಕೈ ಮೀಟರ್ ಬಾಕ್ಸಿನ ಮೇಲೆ. ಈಗಲೇ ಹೋಗಿ ಒಡಿ."

ಅವಳು ಫೋನು ಇಡಲಿಲ್ಲ, ಹಿಡಿದೇ ಓಡಿದಳು. ಎರಡು ಬೀದಿಯ ದೂರ. ಚಪ್ಪಲಿಯ ಸದ್ದು, ಏದುಸಿರು, ಬೀಗ, ಬಾಗಿಲು. ಆಮೇಲೆ ಪ್ಲಾಸ್ಟರು ನೆಲಕ್ಕೆ ಬಿದ್ದು ಚೂರಾದ ಸದ್ದು. ಅವನು ಕಣ್ಣು ಮುಚ್ಚಿದ. ಸದ್ಯ.

ಇನ್ನೊಂದು ಸದ್ದು. ಮತ್ತೊಂದು. ಇನ್ನೊಂದು. ಮೂರನೇ ಸಾಲು, ಎಡಗಡೆ ಎಂದು ಅವನು ಹೇಳಿದ್ದನ್ನೂ ಅವಳು ನಂಬಿರಲಿಲ್ಲ. ಅವನ ಹದಿನಾರು ವರ್ಷದ ಕೆಲಸವನ್ನು ಕಪಾಟು ಕಪಾಟಾಗಿ ನೆಲಕ್ಕೆ ಬಡಿಯುತ್ತಿದ್ದಳು. ಎಲ್ಲ ಮುಗಿದ ಮೇಲೆ ಬಾಗಿಲು ಹಾಕಿದ ಸದ್ದು ಕೇಳಿಸಿತು. ಫೋನು ಕಟ್ಟಾಯಿತು.

ಸಂಜೆ ಹೊತ್ತಿಗೆ ಬಾಗಿಲು ಬಡಿದ ಸದ್ದು.

"ತಮ್ಮಾ! ಬಾಗಿಲು ತೆಗಿಯೋ, ನಾನು!"

ದಪ್ಪಣ್ಣ. ಬೆವರಿ ತೊಪ್ಪೆಯಾಗಿದ್ದ. ಕೋರೆಹಲ್ಲು ಇನ್ನೂ ಬಾಯಲ್ಲೇ ಇತ್ತು.

"ಎಂಥಾ ಗೋಂದು ಹಾಕಿದ್ಯೋ ಮಾರಾಯಾ, ಬರ್ತಾನೇ ಇಲ್ಲ. ಥಾಥ್ವತ ಆಯ್ತು ಇದು." ಒಳಗೆ ಬಂದು ಕುರ್ಚಿಯಲ್ಲಿ ಕುಸಿದ. "ಅದೊಂದೇ ಅಲ್ಲ ಬಿಡು. ನಿನ್ನ ಭಾವನಿಗೆ ಬಾಯಿಗೆ ಬಂದ ಹಾಗೆ ಬೈದು ಬಸ್ಸಿಂದ ಇಳಿದೆ. ಜ್ವರ ಬಂದ ಹುಡುಗನ್ನ ಒಬ್ಬನೇ ಬಿಟ್ಟು ಹೋಗ್ತಾರೇನೋ? ಟ್ಯಾಂಕರ್ ಹತ್ತಿ ಬಂದೆ. ಅಯ್ಯೋ, ಏನೋ ಇದು ನಿನ್ನ ತುಟಿ! ನೀರು ಕುಡಿದ್ಯಾ?"

"ಕುಡಿದೆ ಅಣ್ಣಾ."

"ನಾಳೆ ಬೆಳಿಗ್ಗೆ ಟ್ಯಾಂಕರಲ್ಲೇ ಇಬ್ಬರೂ ಹೋಗೋಣ. ಮೊದಲು ಇದನ್ನ ಕೀಳು." ದಪ್ಪಣ್ಣ ತಲೆಯನ್ನು ಕುರ್ಚಿಯ ಬೆನ್ನಿಗೆ ಆನಿಸಿ, ಹೇಳುವ ಮುಂಚೆಯೇ ಬಾಯಿ ತೆರೆದ. ಒಳಗೆ ತೇವ. ಕೆಂಪು ತೇವ. ಗಂಟಲ ಪಕ್ಕದಲ್ಲಿ ಡಬ್. ಡಬ್.

ಹಲಗೆಯ ಮೇಲೆ ಅಚ್ಚುಗಳು ಸಾಲಾಗಿ ಕೂತಿದ್ದವು. ಎಲ್ಲಕ್ಕಿಂತ ದೊಡ್ಡದು ದಪ್ಪಣ್ಣನದು. ಹಿಂದಿನ ಕಿಟಕಿ ತೆರೆದೇ ಇತ್ತು. ಬಾವಿಗೆ ಹತ್ತು ಹೆಜ್ಜೆ.

ಹಲ್ಲಿನವನು ಇಕ್ಕಳ ಹಿಡಿದು ಬಹಳ ಹೊತ್ತು ನಿಂತ. ಒಂದು ಸಲ ನೀರಿನ ಬಾಟಲಿಯ ಕಡೆ ನೋಡಿದ. ಬಾಟಲಿಯ ಹೊರಗೆ ಒಂದು ಹನಿ ಇಳಿಯುತ್ತಿತ್ತು, ಹನಿಯಾಗಿಯೇ.

ಅವನು ಇಕ್ಕಳ ಕೆಳಗಿಟ್ಟ. ದೊಡ್ಡ ಅಚ್ಚನ್ನು ಎತ್ತಿಕೊಂಡ.

"ದೀಪ ಕಣ್ಣಿಗೆ ಹೊಡೆಯುತ್ತೆ ಅಣ್ಣಾ, ಕಣ್ಣು ಮುಚ್ಕೊಳ್ಳಿ," ಎಂದ.

ದಪ್ಪಣ್ಣ ಮುಚ್ಚಿದ.

"ಬಾಯಿ ಇನ್ನೂ ಸ್ವಲ್ಪ ತೆಗೀರಿ."

ತೆರೆದ. ಹಲ್ಲಿನವನು ನಾಲಗೆ ಚಾಚಿದ. ಒಣ ಪ್ಲಾಸ್ಟರಿನ ಮೊದಲ ಹಲ್ಲು ನಾಲಗೆಗೆ ಅಂಟಿಕೊಂಡು, ಚರಕ್ಕೆಂದು ಬಿಟ್ಟಿತು.